ನಾನೇ ಮೊದಲು ಒತ್ತಿದ್ದು, ಏಟು ಬಿದ್ದಿದ್ದೂ ನನಗೇ: ಫೈಟಿಂಗ್ ಗೇಮ್ ದೋಷ ನಿವಾರಣೆ ಕೈಪಿಡಿ

ಶಿವಮೊಗ್ಗದಲ್ಲಿ ನನ್ನ ಹತ್ತಿರ ಕಂಟ್ರೋಲರ್ ರಿಪೇರಿಗೆ ತರುವ ಹುಡುಗರ ದೂರು ಹೆಚ್ಚುಕಡಿಮೆ ಒಂದೇ. "ಅಣ್ಣಾ, ಇಬ್ಬರೂ ಒಟ್ಟಿಗೇ ಹೊಡೆದ್ವಿ. ನಾನೇ ಮೊದಲು ಒತ್ತಿದ್ದು. ಅವನ ಏಟು ನನಗೆ ಬಿತ್ತು, ನನ್ನದು ಅವನಿಗೆ ಬೀಳಲೇ ಇಲ್ಲ. ಬಟನ್ ಹೋಗಿರಬೇಕು, ನೋಡಿ." ಬಿಚ್ಚಿ ನೋಡಿದರೆ ಬಹಳ ಸಲ ಬಟನ್ ಗಟ್ಟಿಮುಟ್ಟಾಗಿ ಇರುತ್ತದೆ. ಕೆಟ್ಟಿರುವುದು ಬಟನ್ ಅಲ್ಲ, ಲೆಕ್ಕಾಚಾರ.

ಎರಡು ಏಟು ಎದುರುಬದುರಾದಾಗ ಯಾವುದು ನಿಲ್ಲಬೇಕು, ಯಾವುದು ಸಾಯಬೇಕು ಅನ್ನುವುದಕ್ಕೆ ಪ್ರತಿ ಗೇಮ್‌ಗೂ ಅದರದೇ ಕಾನೂನಿದೆ. ಅದನ್ನು ತಿಳಿದುಕೊಳ್ಳದೆ ಹೊಸ ಕಂಟ್ರೋಲರ್ ತಂದರೆ ಸುಮ್ನೆ ದುಡ್ಡು ದಂಡ. ಆದ್ದರಿಂದ ಇಲ್ಲಿ ಸ್ಕ್ರೂಡ್ರೈವರ್ ಕೊನೆಯ ಕಡೆಗೆ ಬರುತ್ತದೆ. ಮೊದಲು ಕಾನೂನು, ಆಮೇಲೆ ಟೈಮಿಂಗ್, ಆಮೇಲೆ ಸಾಮಾನು, ಕೊನೆಗೆ ನೆಟ್‌ವರ್ಕ್.

ದೂರು ಯಾವ ಜಾತಿಯದು?

"ಏಟು ಬೀಳಲಿಲ್ಲ" ಅನ್ನುವ ಮಾತಿನೊಳಗೆ ಬೇರೆ ಬೇರೆ ತೊಂದರೆಗಳು ಇರುತ್ತವೆ. ಬಟನ್ ಒತ್ತಿದರೂ ಫೈಟರ್ ಕೈಯೇ ಎತ್ತಲಿಲ್ಲ ಅಂದರೆ ಸಾಮಾನಿನ ಮೇಲೆ ಅನುಮಾನ ಪಡಬಹುದು. ಕೈ ಎತ್ತಿದ, ಅರ್ಧದಲ್ಲೇ ಏಟು ತಿಂದ ಅಂದರೆ ಅದು ಟೈಮಿಂಗ್. ಪೂರ್ತಿ ಹೊಡೆದ, ತಾಗಿದ ಹಾಗೂ ಕಂಡಿತು, ಆದರೆ ಎದುರಿನವನು ಅಲುಗಲಿಲ್ಲ ಅಂದರೆ ಬಹುಪಾಲು ಗೇಮ್‌ನ ಕಾನೂನು. ಏಟು ಬಿತ್ತು, ಮರುಕ್ಷಣವೇ ಚಿತ್ರ ಜಿಗಿದು ಅದು ಬಿದ್ದೇ ಇಲ್ಲದ ಹಾಗಾಯಿತು ಅಂದರೆ ಆನ್‌ಲೈನ್ ತೊಂದರೆ. ದೂರು ಹೇಳುವವನನ್ನು ಕೂರಿಸಿಕೊಂಡು ಇಷ್ಟನ್ನು ಕೇಳಿದರೆ ಅರ್ಧ ಕೆಲಸ ಮುಗಿಯಿತು. ಆದರೆ ಸೋತ ಸಿಟ್ಟಿನಲ್ಲಿರುವವನಿಗೆ ಏನಾಯಿತು ಅಂತ ಸರಿಯಾಗಿ ನೆನಪಿರುವುದಿಲ್ಲ. ಅದಕ್ಕೇ ಮೊಬೈಲ್‌ನಲ್ಲಿ ವಿಡಿಯೊ ಮಾಡಿಸಿ.

ಇನ್ನೂ ಒಂದು ಪ್ರಶ್ನೆ ಕೇಳಬೇಕು. ಅದೇ ಎರಡು ಏಟು, ಅದೇ ದೂರದಲ್ಲಿ ಎದುರಾದಾಗ ಪ್ರತಿ ಸಲವೂ ಹೀಗೇ ಆಗುತ್ತದೆಯೇ, ಅಥವಾ ಆಗೊಮ್ಮೆ ಈಗೊಮ್ಮೆಯೇ? ಪ್ರತಿ ಸಲವೂ ಆದರೆ ಅದು ನಿಯಮ. ಸಾಮಾನಿನ ದೋಷ ಅಷ್ಟು ಶಿಸ್ತಾಗಿ ನಡೆದುಕೊಳ್ಳುವುದು ಅಪರೂಪ.

ಅದಲು ಬದಲು ಪರೀಕ್ಷೆ

ಇದೊಂದು ಪರೀಕ್ಷೆ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ. ಖರ್ಚೂ ಇಲ್ಲ.

ಮೊದಲು ಇಬ್ಬರೂ ಕಂಟ್ರೋಲರ್ ಮಾತ್ರ ಬದಲಿಸಿಕೊಳ್ಳಿ. ಫೈಟರ್ ಅದೇ ಇರಲಿ, ಪರದೆಯ ಎಡ ಬಲ ಅದೇ ಇರಲಿ. ತೊಂದರೆ ಕಂಟ್ರೋಲರ್ ಹಿಂದೆಯೇ ಹೋದರೆ ಕಂಟ್ರೋಲರ್ ಬಿಚ್ಚಲು ಈಗ ನಿಮಗೆ ಹಕ್ಕಿದೆ. ಹೋಗದಿದ್ದರೆ ಅದನ್ನು ವಾಪಸ್ ಕೊಟ್ಟು ಫೈಟರ್‌ಗಳನ್ನು ಬದಲಿಸಿ. ತೊಂದರೆ ಫೈಟರ್ ಹಿಂದೆ ಹೋದರೆ ಅದು ಆ ಏಟಿನ ವೇಗ, ಉದ್ದದ ವಿಷಯ. ಅಲ್ಲೂ ಹೋಗದಿದ್ದರೆ ಮೊದಲನೇ ಆಟಗಾರ, ಎರಡನೇ ಆಟಗಾರ ಅನ್ನುವ ಜಾಗ ಬದಲಿಸಿ. ತೊಂದರೆ ಆ ಜಾಗಕ್ಕೇ ಅಂಟಿಕೊಂಡಿದ್ದರೆ ಗೇಮ್‌ನ ಕೋಡ್‌ನಲ್ಲೇ ಪಕ್ಷಪಾತ ಇರಬಹುದು. ಅದು ನಿಜಕ್ಕೂ ಇರುತ್ತದೆ, ಮುಂದೆ ಹೇಳುತ್ತೇನೆ. ಇಷ್ಟೆಲ್ಲ ಬದಲಿಸಿದರೂ ಒಬ್ಬನಿಗೇ ಏಟು ಬೀಳುತ್ತಿದ್ದರೆ, ಪಾಪ, ಅವನು ಇನ್ನೂ ಸ್ವಲ್ಪ ಅಭ್ಯಾಸ ಮಾಡಬೇಕು. ಇದನ್ನು ನಿಧಾನಕ್ಕೆ ಹೇಳಿ.

ಒಂದೊಂದೇ ಬದಲಿಸಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಏನೂ ಗೊತ್ತಾಗುವುದಿಲ್ಲ.

ಮೊದಲು ಒತ್ತಿದ್ದಕ್ಕೆ ಬೆಲೆ ಇಲ್ಲ

ಹೆಚ್ಚಿನ ಫೈಟಿಂಗ್ ಗೇಮ್‌ಗಳು ಸೆಕೆಂಡಿಗೆ 60 ಫ್ರೇಮ್‌ನಂತೆ, ಅಂದರೆ 60 ಚಿತ್ರದಂತೆ ಓಡುತ್ತವೆ. ಒಂದು ಫ್ರೇಮ್ ಅಂದರೆ 16.67 ಮಿಲಿಸೆಕೆಂಡ್. ಪ್ರತಿ ಫ್ರೇಮ್‌ನಲ್ಲೂ ಗೇಮ್ ಇಬ್ಬರ ಬಟನ್ ಓದುತ್ತದೆ, ಇಬ್ಬರನ್ನೂ ಸರಿಸುತ್ತದೆ, ಯಾರದು ಯಾರಿಗೆ ತಾಗಿತು ಅಂತ ನೋಡುತ್ತದೆ.

ಪ್ರತಿ ಏಟಿಗೂ ಮೂರು ಭಾಗ. ಕೈ ಹಿಂದಕ್ಕೆಳೆದು ಬೀಸುವ ತನಕ ಸ್ಟಾರ್ಟಪ್. ಏಟಿಗೆ ಜೀವ ಇರುವಷ್ಟು ಹೊತ್ತು ಆಕ್ಟಿವ್. ಕೈ ವಾಪಸ್ ಬರುವ ತನಕ ರಿಕವರಿ. ಎದುರಾಳಿಗೆ ನೋವಾಗುವುದು ಆಕ್ಟಿವ್ ಭಾಗದಲ್ಲಿ ಮಾತ್ರ.

ಈಗ ಲೆಕ್ಕ ನೋಡಿ. ನೀವು 10ನೇ ಫ್ರೇಮ್‌ನಲ್ಲಿ ತಾಗುವ ಭಾರಿ ಒದೆ ಒತ್ತಿದಿರಿ. ನಿಮ್ಮ ತಮ್ಮ ಐದು ಫ್ರೇಮ್ ತಡವಾಗಿ, 4ನೇ ಫ್ರೇಮ್‌ನಲ್ಲಿ ತಾಗುವ ಸಣ್ಣ ಗುದ್ದು ಒತ್ತಿದ. ಅವನ ಗುದ್ದು ನಿಮ್ಮ ಲೆಕ್ಕದ 9ನೇ ಫ್ರೇಮ್‌ನಲ್ಲಿ ಬಂತು. ನಿಮ್ಮ ಒದೆಗೆ ಇನ್ನೂ ಒಂದು ಫ್ರೇಮ್ ಬಾಕಿ. ನೀವು ಒತ್ತಿದ್ದು ಸುಮಾರು 83 ಮಿಲಿಸೆಕೆಂಡ್ ಮೊದಲು, ಏಟು ತಿಂದದ್ದೂ ನೀವೇ. ಮನೆಯಿಂದ ಮೊದಲು ಹೊರಟವನಿಗಲ್ಲ, ಬಸ್‌ಸ್ಟ್ಯಾಂಡ್ ಮೊದಲು ಮುಟ್ಟಿದವನಿಗೆ ಸಾಗರದ ಬಸ್ಸಲ್ಲಿ ಸೀಟು.

ಮೇಲಾಗಿ ನೀವು ಏಟು ತೆಗೆಯುವ ಹೊತ್ತಿನಲ್ಲೇ ತಿಂದದ್ದರಿಂದ ಬಹಳಷ್ಟು ಗೇಮ್‌ಗಳು ಅದನ್ನು ಕೌಂಟರ್ ಹಿಟ್ ಅಂತ ಲೆಕ್ಕ ಹಾಕುತ್ತವೆ. ನೋವು ಜಾಸ್ತಿ, ತಡವರಿಸುವ ಹೊತ್ತೂ ಜಾಸ್ತಿ. ಪರದೆ ಮೇಲೆ 'ಕೌಂಟರ್' ಅಂತ ಬರೆದು ಬಂದರೆ ಕಂಟ್ರೋಲರ್‌ಗೆ ಬೈಯುವುದನ್ನು ಅಲ್ಲೇ ನಿಲ್ಲಿಸಿ. ನಿಮ್ಮ ಬಟನ್ ಕೆಲಸ ಮಾಡಿದೆ ಅನ್ನುವುದಕ್ಕೆ ಅದೇ ಸಾಕ್ಷಿ. ಬಟನ್ ಓದಿಲ್ಲದಿದ್ದರೆ ಏಟು ತೆಗೆಯುವ ಮಧ್ಯೆ ಸಿಕ್ಕಿಬೀಳುತ್ತಿರಲಿಲ್ಲ, ಅಲ್ವಾ?

ವೇಗ ಗೇಮ್‌ನಿಂದ ಗೇಮ್‌ಗೆ ಬೇರೆ. ಸ್ಟ್ರೀಟ್ ಫೈಟರ್ 6ರಲ್ಲಿ ಬಹಳ ಫೈಟರ್‌ಗಳ ಅತಿ ವೇಗದ ಸಾದಾ ಗುದ್ದು 4 ಫ್ರೇಮ್. ಟೆಕ್ಕೆನ್‌ನಲ್ಲಿ ಜಾಬ್ ಅನ್ನುವ ಸಾಮಾನ್ಯ ಸಣ್ಣ ಗುದ್ದು 10 ಫ್ರೇಮ್. ಒಂದರಲ್ಲಿ ಬೆರಳು ಪಳಗಿಸಿಕೊಂಡು ಇನ್ನೊಂದಕ್ಕೆ ಹೋದವರು ಮೊದಮೊದಲು ಎಲ್ಲಕ್ಕೂ ಬಟನ್ ಮೇಲೇ ಗೂಬೆ ಕೂರಿಸುತ್ತಾರೆ.

ಕಣ್ಣಿಗೆ ಕಾಣುವ ಕೈ ಬೇರೆ, ಗೇಮ್ ನೋಡುವ ಕೈ ಬೇರೆ

ಗೇಮ್ ಚಿತ್ರವನ್ನು ನೋಡುವುದಿಲ್ಲ. ಅದು ನೋಡುವುದು ಕಾಣದ ಡಬ್ಬಿಗಳನ್ನು. ಏಟು ಕೊಡುವ ಜಾಗಕ್ಕೆ ಹಿಟ್‌ಬಾಕ್ಸ್, ಏಟು ತಿನ್ನುವ ಮೈಗೆ ಹರ್ಟ್‌ಬಾಕ್ಸ್. ನಿಮ್ಮ ಹಿಟ್‌ಬಾಕ್ಸ್ ಅವನ ಹರ್ಟ್‌ಬಾಕ್ಸ್ ಮೇಲೆ ಬಿದ್ದರೆ ಏಟು ಬಿತ್ತು. ಬೂಟು ಅವನ ಕೂದಲ ಮೇಲೆ ಹಾದುಹೋದರೂ ಅಲ್ಲಿ ಡಬ್ಬಿ ಇಲ್ಲದಿದ್ದರೆ ಏನೂ ಇಲ್ಲ.

ಇಲ್ಲೇ ಒಂದು ಮೋಸ ಇದೆ. ಕಾಲು ಚಾಚಿದಾಗ ಹಿಟ್‌ಬಾಕ್ಸ್ ಮಾತ್ರ ಮುಂದೆ ಹೋಗುವುದಿಲ್ಲ, ಎಷ್ಟೋ ಏಟುಗಳಲ್ಲಿ ಹರ್ಟ್‌ಬಾಕ್ಸ್ ಕೂಡ ಜೊತೆಗೇ ಮುಂದೆ ಹೋಗುತ್ತದೆ. ಅಂದರೆ ಎದುರಾಳಿ ನಿಮ್ಮ ಚಾಚಿದ ಕಾಲಿಗೇ ಹೊಡೆಯಬಹುದು. ಕತ್ತಿ, ಕೋಲು ಹಿಡಿದ ಫೈಟರ್‌ಗೆ ಈ ಕಷ್ಟ ಕಡಿಮೆ. ಆಯುಧದ ತುದಿಯಲ್ಲಿ ಬಹಳ ಸಲ ಹಿಟ್‌ಬಾಕ್ಸ್ ಮಾತ್ರ ಇರುತ್ತದೆ, ಮೈ ಇರುವುದಿಲ್ಲ. "ಅವನ ಏಟಿಗೆ ಪವರ್ ಜಾಸ್ತಿ" ಅಂತ ಹುಡುಗರು ಹೇಳುವುದು ಎಷ್ಟೋ ಸಲ ಇದನ್ನೇ. ಪವರ್ ಅಲ್ಲ, ಡಬ್ಬಿ ಹೀಗಿದೆ ಅಷ್ಟೇ.

ಟೆಕ್ಕೆನ್‌ನಲ್ಲಿ ಇನ್ನೊಂದು ಸಂಗತಿ. ಹೈ, ಅಂದರೆ ತಲೆ ಮಟ್ಟದ್ದು ಅಂತ ಗುರುತಿಸಿದ ಏಟು, ಕುಕ್ಕರಗಾಲಲ್ಲಿ ಕೂತವನ ತಲೆ ಮೇಲೆ ಹಾದುಹೋಗುತ್ತದೆ. ಸಣ್ಣ ಏಟು ಕೂತೇ ಹೊಡೆಯುವಂಥದ್ದಾದರೆ ನಿಮ್ಮ ಭಾರಿ ಗುದ್ದು ಗಾಳಿಗೆ, ಅವನದು ನಿಮ್ಮ ಮೊಣಕಾಲಿಗೆ.

ಒಂದೇ ಫ್ರೇಮ್‌ನಲ್ಲಿ ಎರಡೂ ತಾಗಿದರೆ

ನಿಜವಾದ ಡಿಕ್ಕಿ ಅಂದರೆ ಇದು. ಇಲ್ಲಿ ಗೇಮ್‌ಗಳ ದಾರಿ ಬೇರೆ ಬೇರೆಯಾಗುತ್ತದೆ. ಜಗಳ ಹುಟ್ಟುವುದೂ ಇಲ್ಲೇ.

ಎಲ್ಲಕ್ಕಿಂತ ಸರಳ ಕಾನೂನು, ಇಬ್ಬರಿಗೂ ಏಟು. ಇದಕ್ಕೆ ಟ್ರೇಡ್ ಅನ್ನುತ್ತಾರೆ. ಹಳೆಯ ಸ್ಟ್ರೀಟ್ ಫೈಟರ್ ಆಡಿದವರಿಗೆ ಇದು ಗೊತ್ತಿರುತ್ತದೆ. ಟ್ರೇಡ್ ಆದರೆ ಸಮ ಅಂತ ತಿಳಿಯಬೇಡಿ. ಸಣ್ಣ ಗುದ್ದಿಗೆ ಭಾರಿ ಒದೆ ಟ್ರೇಡ್ ಆದರೆ ಸಣ್ಣ ಗುದ್ದಿನವನಿಗೇ ನಷ್ಟ ಜಾಸ್ತಿ. ತಡವರಿಸುವ ಹೊತ್ತೂ ಬೇರೆ ಬೇರೆ, ಹಾಗಾಗಿ ಒಬ್ಬ ಬೇಗ ಎದ್ದು ಮತ್ತೆ ಹೊಡೆಯಬಹುದು. "ಇಬ್ಬರಿಗೂ ಬಿತ್ತು, ಆದರೆ ನನಗೆ ಮಾತ್ರ ಮೂರು ಏಟು" ಅನ್ನುವ ದೂರಿಗೆ ಉತ್ತರ ಇಷ್ಟೇ.

2016ರ ಸ್ಟ್ರೀಟ್ ಫೈಟರ್ 5 ಇದನ್ನು ಬದಲಿಸಿತು. ಅದರಲ್ಲಿ ಸಾದಾ ಏಟುಗಳು ಒಂದೇ ಫ್ರೇಮ್‌ನಲ್ಲಿ ತಾಗಿದರೆ ಭಾರಿ ಏಟು ಮಧ್ಯಮವನ್ನು ಗೆಲ್ಲುತ್ತದೆ, ಮಧ್ಯಮ ಸಣ್ಣದನ್ನು ಗೆಲ್ಲುತ್ತದೆ. ಎರಡೂ ಸಮವಾದರೆ ಟ್ರೇಡ್. ಅಣ್ಣ ಹಳೆಯ ಗೇಮ್ ಆಡಿ ಬೆಳೆದವನು, ತಮ್ಮ ಇದರಿಂದ ಶುರು ಮಾಡಿದವನು ಅಂದರೆ ಮನೆಯಲ್ಲಿ ಶಾಂತಿ ಇರುವುದಿಲ್ಲ. ಇಬ್ಬರೂ ಅವರವರ ಗೇಮ್‌ನ ಮಟ್ಟಿಗೆ ಸರಿ. ನನ್ನನ್ನು ಕೇಳಿದರೆ ಟ್ರೇಡ್‌ನಲ್ಲೇ ಮಜಾ ಜಾಸ್ತಿ. ಭಾರಿ ಏಟು ನಿಧಾನಕ್ಕೆ ಬರುವುದೇ ಅದರ ಬೆಲೆ, ಮತ್ತೆ ಅದಕ್ಕೆ ಇನ್ನೊಂದು ಅನುಕೂಲ ಯಾಕೆ?

ಇನ್ನೊಂದು ಬಗೆ, ಏಟಿಗೆ ಏಟೇ ತಾಗುವುದು. ಮೈಗೆ ತಾಗುವ ಮೊದಲೇ ಎರಡು ಹಿಟ್‌ಬಾಕ್ಸ್‌ಗಳು ಒಂದಕ್ಕೊಂದು ತಾಗಿದರೆ ಗಿಲ್ಟಿ ಗಿಯರ್‌ನಂಥ ಗೇಮ್‌ಗಳಲ್ಲಿ ಕ್ಲ್ಯಾಶ್ ಆಗುತ್ತದೆ. ಖಣ್ ಅಂತ ಸದ್ದು, ಇಬ್ಬರಿಗೂ ನೋವಿಲ್ಲ, ಆ ಕ್ಷಣದಿಂದಲೇ ಇಬ್ಬರೂ ಬೇರೆ ಏಟು ತೆಗೆಯಬಹುದು. ಇದು ಗೊತ್ತಿಲ್ಲದವನು ಏಟು ಎಲ್ಲಿ ಹೋಯಿತು ಅಂತ ಬಾಯಿ ಬಿಟ್ಟುಕೊಂಡು ನೋಡುತ್ತಾನೆ. ಗೊತ್ತಿದ್ದವನು ಅಷ್ಟರಲ್ಲಿ ಇನ್ನೊಂದು ಬಾರಿಸಿರುತ್ತಾನೆ. ಹೀಗೆ ಸೋತವನೂ ಬಟನ್ ದೂರು ತರುತ್ತಾನೆ. 2014ರ ಗಿಲ್ಟಿ ಗಿಯರ್ ಎಕ್ಸರ್ಡ್‌ನಲ್ಲಿ ಕ್ಲ್ಯಾಶ್ ಆದಾಗ ಕೆಲವೊಮ್ಮೆ, ಲಾಟರಿ ಹೊಡೆದ ಹಾಗೆ, ಡೇಂಜರ್ ಟೈಮ್ ಅನ್ನುವುದು ಶುರುವಾಗುತ್ತದೆ. ಆ ಸ್ವಲ್ಪ ಹೊತ್ತು ಮೊದಲು ಏಟು ತಿಂದವನ ಗತಿ ಕೆಟ್ಟಿತು. ಅದು ಕೆಲವು ಸಲ ಮಾತ್ರ ಬರುವುದು ದೋಷವಲ್ಲ, ಮಾಡಿರುವುದೇ ಹಾಗೆ.

1993ರ ಸಮುರಾಯ್ ಶೋಡೌನ್‌ನಲ್ಲಿ ಕತ್ತಿಗೆ ಕತ್ತಿ ಸಿಕ್ಕಿಕೊಂಡರೆ ಇಬ್ಬರೂ ಬಟನ್ ಬಡಿಯಬೇಕು. ಸೋತವನ ಕತ್ತಿ ಹಾರಿಹೋಗುತ್ತದೆ. ಬಟನ್ ಸವೆಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಸೂಪರ್ ಸ್ಮ್ಯಾಶ್ ಬ್ರದರ್ಸ್ ಅಂಕಿಯಲ್ಲಿ ತೀರ್ಮಾನಿಸುತ್ತದೆ. ನೆಲದ ಮೇಲಿನ ಎರಡು ಏಟು ಒಂದಕ್ಕೊಂದು ತಾಗಿದಾಗ ಅವುಗಳ ಡ್ಯಾಮೇಜ್ ವ್ಯತ್ಯಾಸ 9ರೊಳಗಿದ್ದರೆ ಎರಡೂ ರದ್ದು. ವ್ಯತ್ಯಾಸ ಅದಕ್ಕಿಂತ ದೊಡ್ಡದಾದರೆ ದೊಡ್ಡದು ಮುಂದುವರಿಯುತ್ತದೆ, ಸಣ್ಣದು ನಿಲ್ಲುತ್ತದೆ. 12ರ ಏಟಿಗೆ 7ರದು ಎದುರಾದರೆ ಎರಡೂ ಹೋಯಿತು. 18ಕ್ಕೆ 5 ಎದುರಾದರೆ 5ರವನ ಕಥೆ ಮುಗಿಯಿತು. ಗಾಳಿಯಲ್ಲಿ ಹೊಡೆಯುವ ಏಟುಗಳಿಗೆ ಸಾಮಾನ್ಯವಾಗಿ ಈ ನಿಯಮ ಇಲ್ಲ, ಅಲ್ಲಿ ಇಬ್ಬರಿಗೂ ಬೀಳಬಹುದು. ಹಾಗಾಗಿ ಇದೇ ಗೇಮ್‌ನಲ್ಲಿ 'ಒಮ್ಮೆ ಹೀಗೆ, ಒಮ್ಮೆ ಹಾಗೆ' ಅಂದರೆ ಹಾರಿದ್ರಾ, ನೆಲದ ಮೇಲಿದ್ರಾ ಅಂತ ಮೊದಲು ಕೇಳಿ.

ಬೆಂಕಿ ಉಂಡೆಗೆ ಬೆಂಕಿ ಉಂಡೆ ಎದುರಾದರೆ ಹಿಟ್ ಲೆಕ್ಕ, ಅಂದರೆ ಒಂದು ಉಂಡೆ ಎಷ್ಟು ಸಲ ತಾಗಬಲ್ಲದು ಅನ್ನುವುದು. ಸ್ಟ್ರೀಟ್ ಫೈಟರ್‌ನ ಬೆಂಕಿ ಉಂಡೆಗೆ ಹಡೋಕೆನ್ ಅಂತ ಹೆಸರು; ಸಾದಾ ಹಡೋಕೆನ್‌ಗೆ ಸಾದಾ ಹಡೋಕೆನ್ ಬಡಿದರೆ ಎರಡೂ ಮಾಯ. ಎರಡು ಹಿಟ್ ಇರುವ ಉಂಡೆ ಒಂದು ಹಿಟ್‌ನದನ್ನು ನುಂಗಿ ಮುಂದೆ ಬರುತ್ತದೆ.

ತಾಗಿದರೂ ಅಲುಗದವನು

ಇದು ಡಿಕ್ಕಿಯ ಹಾಗೆ ಕಾಣುತ್ತದೆ, ಆದರೆ ಬೇರೆ. ಕೆಲವು ಏಟುಗಳಿಗೆ ಆರ್ಮರ್ ಇರುತ್ತದೆ. ನಿಮ್ಮ ಏಟು ಬೀಳುತ್ತದೆ, ಅವನು ತಡವರಿಸುವುದಿಲ್ಲ, ಅವನ ಏಟು ನಿಲ್ಲುವುದಿಲ್ಲ. ಟೆಕ್ಕೆನ್ 7ರ ಪವರ್ ಕ್ರಶ್ ಹೈ ಮತ್ತು ಮಿಡ್ (ನಡು ಮಟ್ಟದ) ಏಟುಗಳನ್ನು ತಡೆದುಕೊಳ್ಳುತ್ತದೆ, ಲೋ (ಕಾಲ ಮಟ್ಟದ) ಏಟನ್ನು ತಡೆಯುವುದಿಲ್ಲ. 2023ರ ಸ್ಟ್ರೀಟ್ ಫೈಟರ್ 6ರ ಡ್ರೈವ್ ಇಂಪ್ಯಾಕ್ಟ್ ಎರಡು ಏಟು ತಡೆದುಕೊಳ್ಳುತ್ತದೆ. ಅದಕ್ಕೆ ಅದೇ ಎದುರಾದರೆ ಸ್ವಲ್ಪ ತಡವಾಗಿ ಒತ್ತಿದವನೇ ಗೆಲ್ಲುತ್ತಾನೆ. ಮೊದಲು ಒತ್ತಿದವನ ಏಟನ್ನು ನುಂಗಿ ತನ್ನದನ್ನು ಕೊಡುತ್ತಾನೆ. ಮೊದಲು ಒತ್ತಿದ್ದೇ ತಪ್ಪಾಗುವ ಜಾಗ ಇದು.

ಇನ್ನು ಕೆಲವು ಏಟುಗಳಲ್ಲಿ, ಶೋರ್ಯುಕೆನ್ ಅನ್ನುವ ಮೇಲಕ್ಕೆ ಹಾರಿ ಹೊಡೆಯುವ ಗುದ್ದಿನಂಥವುಗಳಲ್ಲಿ, ಶುರುವಿನ ಕೆಲವು ಫ್ರೇಮ್ ಮೈಗೆ ಹರ್ಟ್‌ಬಾಕ್ಸೇ ಇಲ್ಲದ ಹಾಗೆ. ಯಾವ ಗೇಮ್, ಯಾವ ಬಗೆ ಅನ್ನುವುದರ ಮೇಲೆ ಹೋಗುತ್ತದೆ. ಗುರುತು ಸುಲಭ: ಆರ್ಮರ್‌ನಲ್ಲಿ ಏಟಿನ ಮಿಂಚು ಕಾಣುತ್ತದೆ, ಇದರಲ್ಲಿ ಏನೂ ಕಾಣುವುದಿಲ್ಲ.

ಟೆಕ್ಕೆನ್ 7ರಲ್ಲಿ ಇಬ್ಬರ ಲೈಫೂ ಕಡಿಮೆ ಇದ್ದು ಇಬ್ಬರೂ ಒಟ್ಟಿಗೆ ಹೊಡೆದಾಗ ಚಿತ್ರ ನಿಧಾನವಾಗುತ್ತದೆ. ಹ್ಯಾಂಗ್ ಆಯಿತು ಅಂತ ಫೋನ್ ಮಾಡಿದವರೂ ಇದ್ದಾರೆ. ಅದು ಬರೀ ನಾಟಕ.

ಟ್ರೈನಿಂಗ್ ಮೋಡ್‌ನಲ್ಲಿ ಸಾಬೀತು ಮಾಡುವುದು

ಈಗಿನ ಗೇಮ್‌ಗಳಲ್ಲಿ ಟ್ರೈನಿಂಗ್ ಮೋಡ್‌ನ ಬೊಂಬೆಗೆ ಏಟು ರೆಕಾರ್ಡ್ ಮಾಡಿಕೊಡಬಹುದು. ನಿಮ್ಮನ್ನು ಸೋಲಿಸಿದ ಏಟನ್ನೇ ಅದಕ್ಕೆ ಕಲಿಸಿ, ಮತ್ತೆ ಮತ್ತೆ ಹೊಡೆಯಲು ಹೇಳಿ. ನೀವು ನಿಮ್ಮ ಏಟು ಹಾಕಿ. ಸ್ಟ್ರೀಟ್ ಫೈಟರ್ 6ರಲ್ಲಿ ಫ್ರೇಮ್ ಮೀಟರ್ ಹಾಕಿಕೊಂಡರೆ ಇಬ್ಬರ ಸ್ಟಾರ್ಟಪ್, ಆಕ್ಟಿವ್, ರಿಕವರಿ ಬಣ್ಣದ ಪಟ್ಟಿಯಾಗಿ ಕೆಳಗೆ ಕಾಣುತ್ತದೆ. ಯಾರ ಏಟು ಯಾವ ಫ್ರೇಮ್‌ನಲ್ಲಿ ಜೀವ ಪಡೆಯಿತು ಅಂತ ಬೆರಳಿಟ್ಟು ತೋರಿಸಬಹುದು. ಜಗಳ ಅಲ್ಲಿಗೆ ಮುಗಿಯುತ್ತದೆ. ಕೆಲವರದು ಮುಗಿಯುವುದಿಲ್ಲ, ಅದು ಬೇರೆ ಮಾತು.

ಕಿಂಗ್ ಆಫ್ ಫೈಟರ್ಸ್ 97, ಟೆಕ್ಕೆನ್ 3ರಂಥ ಹಳೆಯವುಗಳಲ್ಲಿ ಇಂಥ ಮೀಟರ್ ಇಲ್ಲ. ಅವಕ್ಕೆ ಮೊಬೈಲ್ ಕ್ಯಾಮೆರಾ ಸಾಕು. 240 ಫ್ರೇಮ್‌ನ ಸ್ಲೋ ಮೋಷನ್ ಇಟ್ಟು, ಬೆರಳೂ ಪರದೆಯೂ ಒಟ್ಟಿಗೆ ಕಾಣುವ ಹಾಗೆ ಹಿಡಿಯಿರಿ. ಗೇಮ್‌ನ ಒಂದು ಫ್ರೇಮ್‌ಗೆ ವಿಡಿಯೊದಲ್ಲಿ ನಾಲ್ಕು ಚಿತ್ರ ಸಿಗುತ್ತದೆ. ಬಟನ್ ಕೆಳಗೆ ಹೋದ ಚಿತ್ರದಿಂದ ಫೈಟರ್ ಮೊದಲ ಸಲ ಅಲುಗಿದ ಚಿತ್ರದವರೆಗೆ ಎಣಿಸಿ, ನಾಲ್ಕರಿಂದ ಭಾಗಿಸಿ. ಇಬ್ಬರ ಕಂಟ್ರೋಲರ್‌ಗೂ ಇದೇ ಲೆಕ್ಕ ಮಾಡಿ ಹೋಲಿಸಿ. ಹಲವು ಸಲ ಹಿಡಿದು ನೋಡಬೇಕು. ಒಂದು ಫ್ರೇಮ್ ಆಚೀಚೆ ಯಾವಾಗಲೂ ಇರುತ್ತದೆ.

ಹಳೆಯ ಡಿಸ್ಕ್‌ನ ಪಾಲ್ (ಯುರೋಪಿನಂಥ ಕಡೆಯ ಟಿವಿ ಪದ್ಧತಿಯ) ಆವೃತ್ತಿ ಓಡಿಸುವವರು ನೆನಪಿಡಿ. ಅವು ಸಾಮಾನ್ಯವಾಗಿ ಸೆಕೆಂಡಿಗೆ 50ರಂತೆ ಓಡುತ್ತವೆ, ಒಂದು ಫ್ರೇಮ್ ಅಂದರೆ 20 ಮಿಲಿಸೆಕೆಂಡ್. ಹಳೆಯ ಗೇಮನ್ನು ಕಂಪ್ಯೂಟರಿನಲ್ಲಿ ಓಡಿಸುವ ಎಮ್ಯುಲೇಟರ್‌ನಲ್ಲಿ 60ರ ಆವೃತ್ತಿ ಆಡಿ ಅಭ್ಯಾಸವಾದ ಬೆರಳಿಗೆ ಅದು ಎಳೆದ ಹಾಗೆ ಅನ್ನಿಸುತ್ತದೆ.

ಈಗ ಸಾಮಾನು

ಟಿವಿಯಿಂದ ಶುರು ಮಾಡೋಣ, ಯಾಕೆಂದರೆ ಎಲ್ಲರೂ ಅದಕ್ಕೇ ಬೈಯುತ್ತಾರೆ. ಟಿವಿ ಚಿತ್ರವನ್ನು ತಡವಾಗಿ ತೋರಿಸುತ್ತದೆ, ನಿಜ. ಗೇಮ್ ಮೋಡ್ ಹಾಕಿದರೆ ಚಿತ್ರ ಚಂದ ಮಾಡುವ ಕೆಲಸವನ್ನೆಲ್ಲ ಅದು ನಿಲ್ಲಿಸುತ್ತದೆ, ತಡ ಕಡಿಮೆಯಾಗುತ್ತದೆ. ಆದರೆ ಒಂದೇ ಟಿವಿ ಮುಂದೆ ಇಬ್ಬರು ಕೂತಿದ್ದರೆ ಆ ತಡ ಇಬ್ಬರಿಗೂ ಒಂದೇ. ಒಬ್ಬನೇ ಯಾವಾಗಲೂ ಸೋಲುವುದಕ್ಕೆ ಟಿವಿ ಕಾರಣ ಆಗುವುದಿಲ್ಲ. ಒಬ್ಬನದು ವೈರ್, ಇನ್ನೊಬ್ಬನದು ಬ್ಲೂಟೂತ್ ಅಂದರೆ ಮಾತ್ರ ವ್ಯತ್ಯಾಸ ಬರಬಹುದು. ಇಬ್ಬರಿಗೂ ವೈರ್ ಹಾಕಿ ನೋಡಿ.

ಒಂದೇ ಕೀಬೋರ್ಡ್‌ನಲ್ಲಿ ಇಬ್ಬರು ಆಡುವುದು ನಮ್ಮ ಕಡೆ ಬಹಳ. ರಜೆಯಲ್ಲಿ ತೀರ್ಥಹಳ್ಳಿಯ ಅಜ್ಜಿ ಮನೆಗೆ ಹೋದ ಮಕ್ಕಳಿಗೆ ಸಿಗುವುದು ಒಂದು ಹಳೆಯ ಕಂಪ್ಯೂಟರ್, ಒಂದು ಅಗ್ಗದ ಕೀಬೋರ್ಡ್. ಇಲ್ಲಿ ದೂರು ನಿಜ ಇರುವ ಸಂಭವ ಜಾಸ್ತಿ. ಅಗ್ಗದ ಕೀಬೋರ್ಡ್‌ನೊಳಗೆ ಪ್ರತಿ ಕೀಗೂ ಬೇರೆ ತಂತಿ ಇರುವುದಿಲ್ಲ, ಅಡ್ಡ ಸಾಲು, ಉದ್ದ ಸಾಲುಗಳ ಬಲೆ ಇರುತ್ತದೆ. ಕೆಲವು ಕೀಗಳನ್ನು ಒಟ್ಟಿಗೆ ಹಿಡಿದಾಗ ಮೂರನೆಯದು ನಿಜವಾಗಿ ಒತ್ತಿದ್ದೋ ಅಲ್ಲವೋ ಅಂತ ಅದಕ್ಕೆ ತಿಳಿಯುವುದಿಲ್ಲ. ಆಗ ಅದನ್ನು ಬಿಟ್ಟೇ ಬಿಡುತ್ತದೆ. ಇಬ್ಬರೂ ಒಟ್ಟಿಗೆ ಹೊಡೆಯುವ ಹೊತ್ತಿನಲ್ಲೇ ಜಾಸ್ತಿ ಕೀಗಳು ಕೆಳಗಿರುತ್ತವೆ. ಅಂದರೆ ಡಿಕ್ಕಿಯ ಕ್ಷಣದಲ್ಲೇ ಕೀ ಕೈಕೊಡುತ್ತದೆ. ಒಬ್ಬನೇ ಪರೀಕ್ಷಿಸಿದರೆ ಎಲ್ಲ ಸರಿ ಇದೆ ಅನ್ನಿಸುವುದು ಅದಕ್ಕೇ.

ಪರೀಕ್ಷೆ ಹೀಗೆ. ನೋಟ್‌ಪ್ಯಾಡ್ ತೆಗೆಯಿರಿ. ಅಣ್ಣ ಮುಂದಕ್ಕೆ ನಡೆಯುವ ಕೀ ಮತ್ತು ಗುದ್ದಿನ ಕೀ ಹಿಡಿದಿರಲಿ. ತಮ್ಮ ತನ್ನ ಕೀಗಳನ್ನು ಒಂದೊಂದಾಗಿ ಒತ್ತಲಿ. ಅಕ್ಷರ ಮೂಡದ ಕೀ ಸಿಕ್ಕಿತಾ? ಅದನ್ನು ಬೇರೆ ಜಾಗಕ್ಕೆ ಬದಲಿಸಿ. ಬಾಣದ ಕೀಗಳು ಅಕ್ಷರ ಮೂಡಿಸುವುದಿಲ್ಲ, ಕರ್ಸರ್ ಸರಿಯುತ್ತದೆಯೇ ನೋಡಿ. ಇದಕ್ಕಿಂತ ಸುಲಭದ ದಾರಿ, ಇನ್ನೊಂದು ಹಳೆಯ ಯುಎಸ್‌ಬಿ ಕೀಬೋರ್ಡ್ ಚುಚ್ಚುವುದು. ಗೇಮ್‌ಗೆ ಎರಡೂ ಒಂದೇ ಕೀಬೋರ್ಡ್ ಹಾಗೆ ಕಂಡರೂ ಒಳಗಿನ ಬಲೆ ಬೇರೆ ಬೇರೆ, ಒಬ್ಬನ ಕೀ ಇನ್ನೊಬ್ಬನದನ್ನು ನುಂಗುವುದಿಲ್ಲ.

ಮಳೆಗಾಲದ ತೊಂದರೆ ಬೇರೆಯೇ ಇದೆ. ಜೂನ್‌ನಿಂದ ನಮ್ಮ ಮಲೆನಾಡಿನ ಮನೆಗಳಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ಬಟನ್‌ನ ಕಾಂಟ್ಯಾಕ್ಟನ್ನು ಬಿಡುತ್ತದೆಯೇ? ತೇವದಿಂದ ಮೇಲೆ ಪದರ ಕಟ್ಟಿಕೊಂಡು ಬಟನ್ ಒಮ್ಮೆ ಓದುತ್ತದೆ, ಒಮ್ಮೆ ಇಲ್ಲ. ಜೋರಾಗಿ ಒತ್ತಿದರೆ ಮಾತ್ರ ಕೆಲಸ ಮಾಡುವುದು ಇದರ ಗುರುತು. ಕಾಂಟ್ಯಾಕ್ಟ್ ಕ್ಲೀನರ್ ಅಥವಾ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಮುಚ್ಚಿ. ಕೊಬ್ಬರಿ ಎಣ್ಣೆ ಬಿಟ್ಟುಕೊಂಡು ಬಂದ ಕಂಟ್ರೋಲರ್ ಬಗ್ಗೆ ನಾನು ಏನೂ ಹೇಳುವುದಿಲ್ಲ. ಆಡದಿರುವಾಗ ಮುಚ್ಚಳವಿರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ.

ಸ್ವಂತ ಗೇಮ್ ಮಾಡುವವರಿಗೆ

ಇಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟ್‌ಗೆ ಫೈಟಿಂಗ್ ಗೇಮ್ ಮಾಡಿ ತರುತ್ತಾರೆ. ಎಲ್ಲ ಚೆನ್ನಾಗಿರುತ್ತದೆ, ಮೊದಲನೇ ಆಟಗಾರ ಮಾತ್ರ ಡಿಕ್ಕಿಯಲ್ಲಿ ಸೋಲುವುದೇ ಇಲ್ಲ. ಕಾರಣ ಬಹುತೇಕ ಇದೇ: ಕೋಡ್ ಮೊದಲು ಒಂದನೆಯವನ ಏಟು ನೋಡುತ್ತದೆ, ತಾಗಿದ್ದರೆ ತಕ್ಷಣ ಎರಡನೆಯವನನ್ನು 'ಏಟು ತಿಂದ' ಸ್ಥಿತಿಗೆ ತಳ್ಳುತ್ತದೆ. ಆ ಸ್ಥಿತಿಗೆ ಹೋದ ಕೂಡಲೇ ಅವನ ಹಿಟ್‌ಬಾಕ್ಸ್ ಅಳಿಸಿಹೋಗುತ್ತದೆ. ಅವನ ಸರದಿ ಬಂದಾಗ ನೋಡಲು ಏನೂ ಉಳಿದಿರುವುದಿಲ್ಲ. ಟ್ರೇಡ್ ಅನ್ನುವುದು ಹುಟ್ಟುವುದೇ ಇಲ್ಲ.

ಸರಿಪಡಿಸುವುದು ಕಷ್ಟವಲ್ಲ. ಮೊದಲು ಇಬ್ಬರದೂ ತಾಗಿದೆಯೇ ಅಂತ ಬರೆದಿಟ್ಟುಕೊಳ್ಳಿ, ಯಾರ ಸ್ಥಿತಿಯನ್ನೂ ಮುಟ್ಟಬೇಡಿ. ಆಮೇಲೆ ನಿಮ್ಮ ಕಾನೂನಿನ ಪ್ರಕಾರ ತೀರ್ಮಾನಿಸಿ. ಕೊನೆಗೆ ಇಬ್ಬರಿಗೂ ಒಟ್ಟಿಗೆ ಜಾರಿ ಮಾಡಿ. ದೊಡ್ಡ ಗೇಮ್‌ಗಳೂ ಈ ಪಕ್ಷಪಾತದಿಂದ ತಪ್ಪಿಸಿಕೊಂಡಿಲ್ಲ. 2001ರ ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೆಲೀಯಲ್ಲಿ ಇಬ್ಬರೂ ಒಂದೇ ಫ್ರೇಮ್‌ನಲ್ಲಿ ಒಬ್ಬರನ್ನೊಬ್ಬರು ಕೈಯಲ್ಲಿ ಹಿಡಿದರೆ ಯಾರ ವೈರ್ ಯಾವ ಪೋರ್ಟ್‌ನಲ್ಲಿದೆ ಅನ್ನುವುದರ ಮೇಲೆ ತೀರ್ಪು ಬರುತ್ತದೆ.

ಯೂನಿಟಿ ಅನ್ನುವ ಗೇಮ್ ಮಾಡುವ ತಂತ್ರಾಂಶದಲ್ಲಿ ಮಾಡಿದವರು ಇನ್ನೊಂದು ನೋಡಿ. ಎಷ್ಟು ಹೊತ್ತಿಗೊಮ್ಮೆ ಲೆಕ್ಕ ಹಾಕಬೇಕು ಅನ್ನುವ ಅದರ ಫಿಕ್ಸೆಡ್ ಟೈಮ್‌ಸ್ಟೆಪ್ ಬದಲಿಸದಿದ್ದರೆ 0.02 ಸೆಕೆಂಡ್, ಅಂದರೆ ಸೆಕೆಂಡಿಗೆ 50. ಅನಿಮೇಷನ್ 60ರಲ್ಲಿ, ತಾಗಿದ್ದು ನೋಡುವುದು 50ರಲ್ಲಿ ಅಂದರೆ ಒಂದೇ ಫ್ರೇಮ್ ಜೀವ ಇರುವ ಏಟು ಆಗಾಗ ಕಳೆದುಹೋಗುತ್ತದೆ. ಗೋಡೋ ಅನ್ನುವ ಇನ್ನೊಂದು ತಂತ್ರಾಂಶದಲ್ಲಿ ಅದು ಮೊದಲೇ 60 ಇರುತ್ತದೆ. ಎರಡು ಬೆಂಕಿ ಉಂಡೆಗಳು ಡಿಕ್ಕಿಯಾಗದೆ ದಾಟಿಹೋದರೆ ವೇಗ ನೋಡಿ. ಒಂದು ಫ್ರೇಮ್‌ನಲ್ಲಿ ತಮ್ಮ ಅಗಲಕ್ಕಿಂತ ಜಾಸ್ತಿ ಸರಿದರೆ ಒಂದನ್ನೊಂದು ಹಾರಿಹೋಗುತ್ತವೆ. ಹಿಂದಿನ ಜಾಗದಿಂದ ಈಗಿನ ಜಾಗದವರೆಗಿನ ಪೂರ್ತಿ ದಾರಿಯನ್ನು ಪರೀಕ್ಷಿಸಬೇಕು.

ಆನ್‌ಲೈನ್‌ನಲ್ಲಿ ಮಾತ್ರ ಆಗುತ್ತಿದ್ದರೆ

ಹಳೆಯ ವಿಧಾನದಲ್ಲಿ ಎದುರಾಳಿಯ ಬಟನ್ ಸುದ್ದಿ ಬರುವ ತನಕ ಗೇಮ್ ಕಾಯುತ್ತದೆ, ಇಬ್ಬರಿಗೂ ಎಲ್ಲ ತಡ. ರೋಲ್‌ಬ್ಯಾಕ್ ಅನ್ನುವ ಇನ್ನೊಂದು ವಿಧಾನದಲ್ಲಿ ಗೇಮ್ ಕಾಯುವುದಿಲ್ಲ, ಅವನು ಹಿಂದೆ ಒತ್ತಿದ್ದನ್ನೇ ಈಗಲೂ ಒತ್ತಿರಬಹುದು ಅಂತ ಊಹಿಸಿ ಮುಂದೆ ಹೋಗುತ್ತದೆ. ನಿಜವಾದ ಸುದ್ದಿ ಬಂದಾಗ ಊಹೆ ತಪ್ಪಿದ್ದರೆ ಹಿಂದಕ್ಕೆ ಹೋಗಿ ಲೆಕ್ಕ ತಿದ್ದುತ್ತದೆ. ಟೋನಿ ಕ್ಯಾನನ್ ಮಾಡಿದ ಜಿಜಿಪಿಒ ಅನ್ನುವ ತಂತ್ರಾಂಶ ಇದನ್ನು ಫೈಟಿಂಗ್ ಗೇಮ್‌ಗಳಿಗೆ ತಂದು ಹೆಸರಾಯಿತು, 2019ರಲ್ಲಿ ಅದರ ಕೋಡ್ ಎಲ್ಲರಿಗೂ ಮುಕ್ತವಾಯಿತು. ನಿಮ್ಮ ಏಟು ಬಿದ್ದ ಹಾಗೆ ಕಂಡು ಮಾಯವಾದದ್ದು ಈ ತಿದ್ದುಪಡಿಯಿಂದ. ಅವನು ಮೊದಲೇ ಒತ್ತಿದ್ದ, ಸುದ್ದಿ ತಡವಾಗಿ ಬಂತು. ತೀರ್ಪು ಸರಿ, ನೀವು ನೋಡಿದ ಚಿತ್ರ ಊಹೆ.

ಶಿವಮೊಗ್ಗದಿಂದ ಸಿಂಗಪುರ ಮೂರು ಸಾವಿರ ಕಿಲೋಮೀಟರ್‌ಗಿಂತ ಜಾಸ್ತಿ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿ ಬರಲು ಏನಿಲ್ಲವೆಂದರೂ 30 ಮಿಲಿಸೆಕೆಂಡ್, ಹತ್ತಿರ ಹತ್ತಿರ ಎರಡು ಫ್ರೇಮ್. ನಿಜದಲ್ಲಿ ಇನ್ನೂ ಜಾಸ್ತಿ. ಯಾವ ಪ್ಲಾನ್ ಹಾಕಿಸಿದರೂ ಇದು ಕಡಿಮೆಯಾಗುವುದಿಲ್ಲ. ಹತ್ತಿರದ ಎದುರಾಳಿಯನ್ನು ಹುಡುಕಿಕೊಳ್ಳಿ.

ನಮ್ಮ ಕೈಯಲ್ಲಿರುವುದು ಈ ತಡದ ಏರಿಳಿತ ತಗ್ಗಿಸುವುದು. ಸುದ್ದಿ ಹೋಗಿ ಬರಲು ಎಷ್ಟು ಮಿಲಿಸೆಕೆಂಡ್ ಅಂತ ತೋರಿಸುವ ಪಿಂಗ್ ಹಾಕಿ ಕೆಲವು ನಿಮಿಷ ಬಿಡಿ. ಅಂಕಿ 60ರಲ್ಲೇ ನಿಂತರೆ ಆಡಬಹುದು, 40ರಿಂದ 200ಕ್ಕೆ ಕುಣಿಯುತ್ತಿದ್ದರೆ ಆಗುವುದಿಲ್ಲ. ಜಂಬಿಟ್ಟಿಗೆ ಗೋಡೆಯ ಆಚೆ ರೂಟರ್ ಇಟ್ಟು ಈಚೆ ವೈಫೈನಲ್ಲಿ ಆಡಬೇಡಿ, ಲ್ಯಾನ್ ವೈರ್ ಎಳೆಯಿರಿ. ಮೊಬೈಲ್ ಹಾಟ್‌ಸ್ಪಾಟ್ ಮಳೆಗಾಲದಲ್ಲಿ ನಂಬುವ ಸಾಮಾನಲ್ಲ. ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವ ಗಳಿಗೆಯಲ್ಲಿ ರೂಟರ್ ರೀಸ್ಟಾರ್ಟ್ ಆಗುತ್ತಿದ್ದರೆ ಅದಕ್ಕೊಂದು ಸಣ್ಣ ಡಿಸಿ ಯುಪಿಎಸ್ ಹಾಕಿ. ಗುಡುಗು ಸಿಡಿಲಿಗೆ ಮಾತ್ರ ಎಲ್ಲವನ್ನೂ ಕಿತ್ತಿಡಿ, ಮ್ಯಾಚ್ ಹೋದರೆ ಹೋಗಲಿ.

ಇಷ್ಟೆಲ್ಲ ನೋಡಿದ ಮೇಲೂ ತೊಂದರೆ ಟ್ರೈನಿಂಗ್ ಮೋಡ್‌ನಲ್ಲೇ, ಜಾಗ ಬದಲಿಸಿದಾಗ ಫಲಿತಾಂಶವೂ ಬದಲಾಗುವ ಹಾಗೆ ಉಳಿದರೆ ಅದು ಗೇಮ್‌ನ ದೋಷವೇ ಇರಬಹುದು. ಮಾಡಿದವರಿಗೆ ಬರೆಯುವಾಗ ಗೇಮ್‌ನ ಆವೃತ್ತಿ, ಇಬ್ಬರು ಫೈಟರ್, ಇಬ್ಬರ ಏಟು, ಎಡಕ್ಕೆ ಯಾರು ಬಲಕ್ಕೆ ಯಾರು, ಮಧ್ಯದಲ್ಲೋ ಮೂಲೆಯಲ್ಲೋ, ಇಷ್ಟನ್ನು ವಿಡಿಯೊ ಜೊತೆ ಕಳಿಸಿ. ಅದಕ್ಕೂ ಮೊದಲು ಇತ್ತೀಚಿನ ಅಪ್‌ಡೇಟ್‌ನ ಟಿಪ್ಪಣಿ ಓದಿ. ಆ ಏಟಿನ ಫ್ರೇಮ್ ಅಥವಾ ಡಬ್ಬಿಯನ್ನು ಅವರೇ ಹೋದ ಸಲ ಬದಲಿಸಿರುತ್ತಾರೆ, ನಿಮ್ಮ ಬೆರಳಿಗೆ ಇನ್ನೂ ಹಳೆಯದೇ ನೆನಪಿರುತ್ತದೆ.